ಬಾಗಿಲಲ್ಲಿ ನಿಂತ ದೇವರು

ಚಾಮರಾಜನಗರದಲ್ಲಿ ನಾನು ಪಾಠ ಮಾಡುವ ತರಗತಿಗೆ ಗುಂಡ್ಲುಪೇಟೆ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗನೊಬ್ಬನಿದ್ದಾನೆ. ಮಂಟೇಸ್ವಾಮಿ ಕಾವ್ಯದ ಪಾಠ ಮುಗಿದ ದಿನ ಹಿಂದೆಯೇ ಬಂದ. "ಸಾರ್, ನಮ್ಮನೇಲಿ ಬೈಬಲ್ ಓದ್ತಾರೆ. ದಲಿತ ಸಾಹಿತ್ಯದ ಮೇಲೆ ಪ್ರಬಂಧ ಬರಿಯೋವಾಗ ಅದನ್ನ ಸೇರಿಸ್ಬೋದಾ? ಇಲ್ಲಾ, ಬಚ್ಚಿಡಬೇಕಾ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳ್ತೀನಿ ಕನಪ್ಪ" ಅಂದುಬಿಟ್ಟೆ. ಆ ನಾಳೆಯ ಮಾತು ಇದು.

ಬಚ್ಚಿಡಬೇಕು ಎಂದು ಅವನಿಗೆ ಅನಿಸಿದ್ದು ಯಾಕೆ? ನಮ್ಮ ವಿಮರ್ಶೆ ವಚನವನ್ನು ಓದಿತು, ಬುದ್ಧನನ್ನು ಓದಿತು, ಮಾದಪ್ಪ-ಮಂಟೇದರನ್ನು ಓದಿತು. ದಲಿತರ ಕೇರಿಯಲ್ಲೇ ಇರುವ ಕ್ರೈಸ್ತ ಓದನ್ನು ಮಾತ್ರ ಪರದೇಶಿ ಮಾಲು ಎಂದು ಪಕ್ಕಕ್ಕಿಟ್ಟಿತು. ಪಕ್ಕಕ್ಕಿಡುವ ಮೊದಲು ಅದು ಏನು ಹೇಳುತ್ತದೆ ಎಂದು ಕೇಳಬೇಕಿತ್ತಲ್ಲವೆ?

ಕ್ರೈಸ್ತ ಬೋಧನೆಯ ಬುಡ 'ಪ್ರಕಟನೆ'. ಮನುಷ್ಯ ದೇವರನ್ನು ಬುದ್ಧಿಯಿಂದ ಹುಡುಕಿ ತೆಗೆದದ್ದಲ್ಲ, ದೇವರೇ ತನ್ನನ್ನು ತೋರಿಸಿಕೊಂಡ ಎಂಬ ನಂಬಿಕೆ ಅದು. ತೋರಿಸಿಕೊಂಡದ್ದು ಎಲ್ಲಿ ಉಳಿದಿದೆ ಎಂಬಲ್ಲಿ ಜಗಳ ಶುರುವಾಗುತ್ತದೆ. ಗ್ರಂಥವೊಂದೇ ಸಾಕು ಎಂದ ಲೂಥರ್. 1546ರಲ್ಲಿ ಟ್ರೆಂಟ್ ಸಭೆ ಗ್ರಂಥಕ್ಕೂ ಪರಂಪರೆಗೂ ಸಮ ಗೌರವ ಎಂದಿತು. 1965ರಲ್ಲಿ ಎರಡನೇ ವ್ಯಾಟಿಕನ್ ಸಭೆಯ 'ದೇಯಿ ವೆರ್ಬುಮ್' ಎಂಬ ದಸ್ತಾವೇಜು ಎರಡೂ ಒಂದೇ ಒರತೆಯಿಂದ ಬಂದವು ಎಂದು ಹೇಳಿತು; ಅಧಿಕೃತವಾಗಿ ಅರ್ಥ ಹೇಳುವ ಹೊಣೆಯನ್ನು ಧರ್ಮಸಭೆಯ ಬೋಧನಾಧಿಕಾರಕ್ಕೆ ವಹಿಸಿತು; ಆ ಅಧಿಕಾರ ದೇವರ ಮಾತಿಗೆ ಒಡೆಯನಲ್ಲ, ಆಳು ಎಂದೂ ಸೇರಿಸಿತು. ನಮಗೆ ಮುಖ್ಯವಾದ ಪ್ರಶ್ನೆ ಇಲ್ಲೇ ಇದೆ. ಮಾತು ದೇವರದ್ದೇ ಆಗಲಿ, ಅರ್ಥ ಹೇಳುವ ಬಾಯಿ ಯಾರದ್ದು?

ಕನ್ನಡಕ್ಕೆ ಬಂದಾಗ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ದುಡಿದ ಕನ್ನಡ ಬೈಬಲು 1831ರ ಹೊತ್ತಿಗೆ ಪೂರ್ತಿಯಾಗಿ ಅಚ್ಚಾಯಿತು. ಆ ಗ್ರಂಥಕ್ಕೆ ಮುಂದೆ ಕನ್ನಡದಲ್ಲಿ ನಿಂತ ಹೆಸರು 'ಸತ್ಯವೇದ'. ಯಾವ ವೇದ ಕೇಳಿದರೆ ಶೂದ್ರನ ಕಿವಿಗೆ ಕಾದ ತವರ, ಅರಗು ಸುರಿಯಿರಿ ಎಂದು ಗೌತಮ ಧರ್ಮಸೂತ್ರ ಬರೆದಿಟ್ಟಿತೋ ಆ ವೇದದ ಹೆಸರನ್ನೇ ಹೊಲಗೇರಿಗೆ ತಂದ ಗ್ರಂಥಕ್ಕೂ ಇಟ್ಟರು. ಇದು ವೈದಿಕ ಯಜಮಾನಿಕೆಗೆ ಹಾಕಿದ ಸವಾಲೋ, ಅದರ ನೆರಳಿನಲ್ಲಿ ಪಡೆದ ಜಾಗವೋ? ಎರಡೂ ಹೌದು ಎಂದು ನನ್ನ ವಾದ. ಹೆಸರು ಸಾಲದ್ದು, ಆದರೆ ಒಳಗಿನ ತರ್ಕ ಬೇರೆ. ಮೀಮಾಂಸಕರ ವೇದ ಅಪೌರುಷೇಯ: ಹೇಳಿದವರಿಲ್ಲ, ಹಾಗಾಗಿ ಯಾರನ್ನೂ ತಡೆದು ಕೇಳುವಂತಿಲ್ಲ. ಪ್ರಕಟನೆಯಲ್ಲಿ ಹೇಳುವವನೊಬ್ಬ, ಕೇಳಿಸಿಕೊಳ್ಳುವವನೊಬ್ಬ ಇದ್ದಾರೆ. ಕೇಳಿಸಿಕೊಂಡವರು ಯಾರು? ಈಜಿಪ್ಟಿನ ಜೀತದ ಜನ. ಕುರಿ ಕಾಯುತ್ತಿದ್ದ ಆಮೋಸ.

ಅಂಬೇಡ್ಕರ್ ಈ ದಾರಿಯನ್ನು ಒಪ್ಪಲಿಲ್ಲ ಎಂಬುದನ್ನು ನಾವು ಮರೆಯುವಂತಿಲ್ಲ. 'ಬುದ್ಧ ಮತ್ತು ಅವನ ಧಮ್ಮ' ಅವರು ತೀರಿಕೊಂಡ ಮರುವರ್ಷ, 1957ರಲ್ಲಿ ಬಂತು. ಬುದ್ಧ ತನ್ನ ಧಮ್ಮವನ್ನು ದೇವರ ಪ್ರಕಟನೆ ಎಂದು ಕರೆಯಲಿಲ್ಲ, ಅದು ಮನುಷ್ಯ ಮನುಷ್ಯನಿಗಾಗಿ ಕಂಡುಕೊಂಡದ್ದು ಎಂಬುದು ಅಲ್ಲಿನ ನಿಲುವು. ಇದು ಗಟ್ಟಿ ವಾದ. ಮೇಲಿನಿಂದ ಇಳಿದ ಮಾತಿಗೆ ತಲೆಬಾಗಿ ತಲೆಬಾಗಿಯೇ ನಮ್ಮ ಬೆನ್ನು ಬಾಗಿದ್ದು. ಈ ವಾದಕ್ಕೆ ಕ್ರೈಸ್ತ ದಲಿತರ ಒಳಗಿನಿಂದಲೇ ಒಂದು ಉತ್ತರ ಬಂತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚರ್ಚೆ ಮೊದಲಾಯಿತು. ಭಾರತದ ಕ್ರೈಸ್ತ ಚಿಂತನೆ ಬ್ರಾಹ್ಮಣ ದರ್ಶನಗಳ ಜೊತೆಗಷ್ಟೇ ಮಾತಾಡಿತು, ತನ್ನ ಬಹುಸಂಖ್ಯಾತ ದಲಿತರ ಜೊತೆ ಮಾತಾಡಲಿಲ್ಲ ಎಂಬುದು ಅವರ ತಕರಾರು. ಧರ್ಮೋಪದೇಶಕಾಂಡದಲ್ಲಿ ಅಲೆಮಾರಿ ಪೂರ್ವಿಕನನ್ನು ನೆನೆದು ದಾಸ್ಯದ ಕಥೆ ಹೇಳುವ ಭಾಗವನ್ನು ಅವರು ದಲಿತರ ನಂಬಿಕೆಯ ಮಾದರಿಯಾಗಿ ಓದಿದರು. ಪ್ರಕಟನೆ ಇಲ್ಲಿ ಮೇಲಿನ ಆಜ್ಞೆಯಲ್ಲ, ನೊಂದವರ ನೆನಪು.

ಈಗ ನಮ್ಮ ನೆಲಕ್ಕೆ ಬರೋಣ. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ. ಅಚ್ಚಾಗುವ ಎಷ್ಟೋ ಕಾಲದ ಮೊದಲಿಂದ ಅದು ನೀಲಗಾರರ ತಂಬೂರಿಯಲ್ಲಿತ್ತು. ಪರಂಜ್ಯೋತಿ ಕಲ್ಯಾಣದ ಬಾಗಿಲಿಗೆ ಬಂದದ್ದು ನಾರುವ ಹೊಲೆಯನ ವೇಷದಲ್ಲಿ. ಶರಣರ ಪಟ್ಟಣಕ್ಕೇ ಅವನ ಗುರುತು ಹತ್ತಲಿಲ್ಲ. ಈ ಕಥೆಯ ತಿರುಳು ದೇವರು ಬಂದ ಎಂಬುದಷ್ಟೇ ಅಲ್ಲ. ಬಂದಾಗ ಗುರುತಿಸುವ ಕಣ್ಣು ಯಾರಿಗಿತ್ತು ಎಂಬುದು. ಓದಿದವರಿಗೆ ಮರೆಮಾಡಿದ್ದನ್ನು ದೇವರು ಕೂಸುಗಳಿಗೆ ತೋರಿಸಿದ ಎನ್ನುವ ಅರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿ ಇದೆ. ಎರಡು ಪಠ್ಯಗಳೂ ಒಂದೇ ಅಲ್ಲ. ಒಂದರ ದೇವರು ಹೆಂಡ ಕುಡಿಯುತ್ತಾನೆ, ಬಯ್ಯುತ್ತಾನೆ. ಇನ್ನೊಂದರವನು ಶಿಲುಬೆಗೆ ಏರುತ್ತಾನೆ. ಆದರೆ ದೇವರನ್ನು ಗುರುತಿಸುವ ಅರ್ಹತೆಯನ್ನು ಎರಡೂ ಮೇಲಿನವರ ಕೈಯಿಂದ ಕಿತ್ತುಕೊಳ್ಳುತ್ತವೆ.

ಕಿತ್ತುಕೊಂಡದ್ದು ಕೈಯಲ್ಲಿ ಉಳಿಯಿತೆ? ಮಂಟೇಸ್ವಾಮಿ ಪರಂಪರೆಯ ಬೊಪ್ಪೇಗೌಡನಪುರದ ಗುರುಪೀಠ ಅರಸು ಮನೆತನದಲ್ಲಿದೆ. ಇಗರ್ಜಿಯ ಕಥೆ ಏನು? 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನವೇ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಸಭೆಯೊಳಗೆ ಜಾತಿ ತಾರತಮ್ಯ ಇದೆಯೆಂದು ಒಪ್ಪಿಕೊಂಡಿತು. ಹಾಡು ನಮ್ಮದು, ಬೀಗದಕೈ ಬೇರೆಯವರದು. ವಿಮರ್ಶೆ ಪ್ರಕಟನೆಯ ಸತ್ಯಾಸತ್ಯವನ್ನು ತೂಗುವುದಕ್ಕಿಂತ ಈ ಬೀಗದಕೈ ಎಲ್ಲಿದೆ ಎಂದು ಹುಡುಕುವುದು ಮುಖ್ಯ.

ಸರ್ಕಾರದ ಬಳಿಯೂ ಒಂದು ಬೀಗದಕೈ ಇದೆ. 2011ರ ಜನಗಣತಿಯಂತೆ ಈ ಜಿಲ್ಲೆಯಲ್ಲಿ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. 1950ರ ರಾಷ್ಟ್ರಪತಿ ಆದೇಶ ಆ ಪಟ್ಟಿಯನ್ನು ಹಿಂದೂಗಳಿಗೆ ಮಿತಿಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ತೆರೆಯಿತು. ಕ್ರೈಸ್ತರಿಗೆ, ಮುಸ್ಲಿಮರಿಗೆ ತೆರೆಯಲಿಲ್ಲ. ದೇವರು ಯಾರಿಗೆ ಕಾಣಿಸಿಕೊಂಡ ಎಂಬುದನ್ನು ತಾಲ್ಲೂಕು ಕಚೇರಿ ತೀರ್ಮಾನಿಸುವ ಸ್ಥಿತಿ ಇದು. ಹುಡುಗ 'ಬಚ್ಚಿಡಬೇಕಾ' ಅಂದಾಗ ಅವನ ಭಯ ವಿಮರ್ಶೆಯದ್ದು ಮಾತ್ರ ಆಗಿರಲಿಲ್ಲ.

ಮೊನ್ನೆ ಅವನ ಊರಿಗೆ ಹೋಗಿದ್ದೆ. ಅವನಜ್ಜಿಗೆ ಓದು ಬರದು. ಚಿಕ್ಕವಳಿದ್ದಾಗ ಅವರಪ್ಪನ ಹೆಗಲ ಮೇಲೆ ಕೂತು ಚಿಕ್ಕಲ್ಲೂರು ಜಾತ್ರೆಗೆ ಹೋದವಳು. ಈಗ ಭಾನುವಾರ ಮೊಮ್ಮಗ ಓದುವುದನ್ನು ಕೇಳುತ್ತಾಳೆ. "ಎರಡೂ ಹೆಂಗಜ್ಜಿ ಒಟ್ಟಿಗೆ?" ಅಂದೆ. "ಅವ ಕಲ್ಯಾಣದ್ ಬಾಗ್ಲಲ್ಲಿ ನಿಂತ್ಕಂಡಿದ್ದ. ಇವನೂ ಬಾಗ್ಲು ತಟ್ಕಂಡು ನಿಂತವ್ನಂತೆ, ಈ ಮಗ ಓದ್ದ. ನಾವೂ ಅವರಟ್ಟಿ ಬಾಗ್ಲಾಚೆ ನಿಂತ್ಕಂಡೇ ಬಂದೋರಲ್ವಾ ಮೇಷ್ಟ್ರೆ" ಅಂದಳು.

ಬಾಗಿಲು ತಟ್ಟುವ ಆ ಮಾತು ಬರುವುದು 'ಪ್ರಕಟನೆ' ಪುಸ್ತಕದಲ್ಲೇ. ಅಜ್ಜಿಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅರ್ಥ ಹೇಳುವ ಬಾಯಿ ಯಾರದ್ದು ಎಂದು ಕೇಳಿದೆನಲ್ಲ, ಅದರಲ್ಲಿ ಒಂದು ಇದು. ಹುಡುಗನಿಗೆ ಹೇಳಿದೆ: ಬಚ್ಚಿಡಬೇಡ, ನಿಮ್ಮಜ್ಜಿ ಹೇಳಿದ್ದರಿಂದಲೇ ಪ್ರಬಂಧ ಶುರು ಮಾಡು.