ಇನ್ವರ್ಟರು ಮತ್ತು ತರಂಗದ ಆಕಾರ

ಕರೆಂಟು ಹೋದೊಡನೆ ದೀಪ ಮರಳಿ ಬೆಳಗಿತೆಂಬ ಒಂದೇ ಸಮಾಧಾನದಿಂದ ಮನೆಯ ಇನ್ವರ್ಟರಿನ ಗುಣವನ್ನು ನಿರ್ಣಯಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ದೀಪವು ಬಹಳ ಉದಾರಿಯಾದ ಪರೀಕ್ಷಕ. ತಂತಿಯನ್ನು ಕಾಯಿಸಿ ಬೆಳಗುವ ಹಳೆಯ ಬಲ್ಬಿಗಾಗಲಿ, ಬಂದ ಪ್ರವಾಹವನ್ನು ತನ್ನೊಳಗೇ ಮತ್ತೆ ಏಕಮುಖ ಮಾಡಿಕೊಳ್ಳುವ ಎಲ್‌ಇಡಿಗಾಗಲಿ ತರಂಗದ ಆಕಾರದ ಗೊಡವೆ ಅಷ್ಟಾಗಿ ಇಲ್ಲ. ಈ ಯಂತ್ರದ ನಿಜವಾದ ಪರೀಕ್ಷೆ ನಡೆಯುವುದು ಫ್ಯಾನಿನಲ್ಲಿ, ಫ್ರಿಜ್ಜಿನಲ್ಲಿ, ಮಿಕ್ಸಿಯಲ್ಲಿ.

ಬ್ಯಾಟರಿಯು ಕೊಡುವುದು ಒಂದೇ ದಿಕ್ಕಿಗೆ ಹರಿಯುವ 12 ವೋಲ್ಟಿನ ಪ್ರವಾಹ. ಮನೆಯ ಉಪಕರಣಗಳು ಬಯಸುವುದು ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತ ಬರುವ 230 ವೋಲ್ಟಿನ ಪರ್ಯಾಯ ಪ್ರವಾಹ. ಟ್ರಾನ್ಸಿಸ್ಟರುಗಳ ಎರಡು ಗುಂಪುಗಳನ್ನು ಸರದಿಯಂತೆ ತೆರೆದು ಮುಚ್ಚಿ, ಟ್ರಾನ್ಸ್‌ಫಾರ್ಮರಿನ ಒಂದು ಸುರುಳಿಯಲ್ಲಿ ಪ್ರವಾಹವನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಹರಿಸಿದರೆ, ಇನ್ನೊಂದು ಸುರುಳಿಯಲ್ಲಿ ಏರಿದ ವೋಲ್ಟೇಜು ದೊರೆಯುತ್ತದೆ. ಅಗ್ಗದ ಇನ್ವರ್ಟರು ಇಷ್ಟಕ್ಕೇ ತೃಪ್ತಿಪಟ್ಟು ನಿಲ್ಲುತ್ತದೆ. ಅಂಗಡಿಯವರು ಸ್ಕ್ವೇರ್ ವೇವ್ ಎನ್ನುವುದು ಇದನ್ನೇ: ಥಟ್ಟನೆ ಏರಿ, ಹತ್ತು ಮಿಲಿಸೆಕೆಂಡು ಸಮತಲದಲ್ಲಿ ನಿಂತು, ಥಟ್ಟನೆ ಕೆಳಗಿಳಿಯುವ ಚೌಕ ತರಂಗ.

ನನ್ನ ಆಕ್ಷೇಪ ಇಲ್ಲಿಯೇ ಇದೆ. ವಿದ್ಯುತ್ ಮಾರ್ಗದಿಂದ ಬರುವ 230 ವೋಲ್ಟಿನ ನಯವಾದ ಸೈನ್ ತರಂಗವು ತನ್ನ ಶಿಖರದಲ್ಲಿ ಸುಮಾರು 325 ವೋಲ್ಟನ್ನು ಮುಟ್ಟುತ್ತದೆ; ಅದೇ 230ರ ಚೌಕ ತರಂಗವಾದರೋ ಆ 230ನ್ನು ಮೀರಿ ಏರುವುದೇ ಇಲ್ಲ. ಅದಕ್ಕಿಂತಲೂ ಗಹನವಾದ ದೋಷವನ್ನು, ಉಷ್ಣವನ್ನು ಕುರಿತ ತನ್ನ 1822ರ ಗ್ರಂಥದಲ್ಲಿ ಗಣಿತಜ್ಞ ಫೂರಿಯೇ ವಿವರಿಸಿದ ಗಣಿತವು ಬಯಲಿಗೆಳೆಯುತ್ತದೆ: ಚೌಕ ತರಂಗವೆಂಬುದು ಒಂದೇ ತರಂಗವಲ್ಲ, 50 ಆವರ್ತದ ಮೂಲತರಂಗದೊಡನೆ ಅದರ ಮೂರನೆಯ ಒಂದರಷ್ಟು ಎತ್ತರದ 150ರದು, ಐದನೆಯ ಒಂದರಷ್ಟು ಎತ್ತರದ 250ರದು, ಹೀಗೆ ಬೆಸಸಂಖ್ಯೆಗಳ ಕೊನೆಯಿಲ್ಲದ ಪರಿವಾರವೇ ಅದರಲ್ಲಿ ಅಡಗಿದೆ. ಮೋಟಾರನ್ನು ತಿರುಗಿಸಲು ಈ ಪರಿವಾರ ನೆರವಾಗದು. ಸುರುಳಿಯನ್ನು ಕಾಯಿಸುವುದು, ಕಬ್ಬಿಣವನ್ನು ನಡುಗಿಸುವುದು ಅದರ ಕೆಲಸ. ರಾತ್ರಿಯೆಲ್ಲ ಗುಂಯ್‌ಗುಡುವ ಫ್ಯಾನಿನ ಅಡಿಯಲ್ಲಿ ಮಲಗಿದ ಮಗುವಿನ ನಿದ್ದೆಗೂ ಇದರ ಬೆಲೆ ತಗಲುತ್ತದೆ.

ಸೈನ್ ತರಂಗದ ಇನ್ವರ್ಟರನ್ನು ನಾನು ಮನಸಾರೆ ಮೆಚ್ಚುವುದು ಈ ಕಾರಣಕ್ಕಾಗಿ. ಅದರಲ್ಲಿಯೂ ಸ್ವಿಚ್ಚುಗಳಾದ ಟ್ರಾನ್ಸಿಸ್ಟರುಗಳಿಗೆ ತೆರೆಯುವುದು, ಮುಚ್ಚುವುದು ಎರಡೇ ಗೊತ್ತು. ಆದರೆ ಸೆಕೆಂಡಿಗೆ ಸಾವಿರಾರು ಸಲ ಮಿಡಿಯುತ್ತ, ತರಂಗದ ಶಿಖರದ ಬಳಿ ಅಗಲವಾದ, ಇಳಿಜಾರಿನಲ್ಲಿ ಕಿರಿದಾದ ಸ್ಪಂದಗಳನ್ನು ಅವು ಹೊಮ್ಮಿಸುತ್ತವೆ. ಸುರುಳಿಯೂ ಕೆಪ್ಯಾಸಿಟರೂ ಸೇರಿ ಆ ಚೂರುಗಳನ್ನು ಸೋಸಿ ನಯಗೊಳಿಸುತ್ತವೆ. ಕೇವಲ ಕಾಲವನ್ನು ಹಂಚುವ ಜಾಣ್ಮೆಯಿಂದ ಆಕಾರವನ್ನು ಕಡೆದು ನಿಲ್ಲಿಸಿದ ಈ ಉಪಾಯದಲ್ಲಿ ಶಿಲ್ಪಿಯ ಸಂಯಮವುಂಟು.

ಹಾಗೆಂದು ಬ್ಯಾಟರಿಯ ಮೇಲಣ ಭಾರವನ್ನು ಯಾವ ತರಂಗವೂ ತಗ್ಗಿಸಲಾರದು. 600 ವ್ಯಾಟಿನ ಹೊರೆಗೆ, ನಷ್ಟವನ್ನು ಗಣಿಸದೆಯೂ, 12 ವೋಲ್ಟಿನ ಬ್ಯಾಟರಿಯಿಂದ 50 ಆಂಪಿಯರು ಹೊರಡಬೇಕು; ಟರ್ಮಿನಲ್ಲಿನ ಮೇಲೆ ಬೆಳೆದ ಕಿಲುಬು ಅಷ್ಟು ಪ್ರವಾಹಕ್ಕೆ ಅಡ್ಡ ನಿಂತರೆ ಉತ್ತಮ ಯಂತ್ರವೂ ಸೋಲುತ್ತದೆ. ಬರೀ ನಾಲ್ಕು ದೀಪ ಉರಿಸುವ ಮನೆಗೆ ಚೌಕ ತರಂಗವೇ ಸಾಕೆಂಬುದನ್ನು ನಾನು ಒಪ್ಪುತ್ತೇನೆ. ಮೋಟಾರುಳ್ಳ ಮನೆಗೆ ಅದನ್ನು ಮಾರುವವನು ಮಾತ್ರ, ಸಾಮರ್ಥ್ಯದ ವಿಎ (ವೋಲ್ಟ್-ಆಂಪಿಯರ್) ಅಂಕಿಯನ್ನು ಹೇಳುವ ಉಸಿರಿನಲ್ಲಿಯೇ ತರಂಗದ ಆಕಾರವನ್ನೂ ಹೇಳಬೇಕು.