ಶೇಕಡಾ 60ರೊಳಗಿನ ಅಕ್ಷರ

ಬೆಂಗಳೂರಿನ ಅಂಗಡಿ ಫಲಕಗಳಲ್ಲಿ ಈಗ ಕನ್ನಡ ದೊಡ್ಡದಾಗಿ ಕಾಣುತ್ತದೆ. ಶೇಕಡಾ 60ರಷ್ಟು ಜಾಗ ಕನ್ನಡಕ್ಕೇ ಇರಬೇಕೆಂಬ 2024ರ ಕಾಯ್ದೆ ತಿದ್ದುಪಡಿ ಮಾಡಿದ ಕೆಲಸವಿದು, ಬೇಕಾಗಿಯೂ ಇತ್ತು. ಆದರೆ ಟೇಪು ಹಿಡಿದು ಅಳೆಯಲು ಬರುವುದು ಜಾಗವನ್ನು ಮಾತ್ರ. ಅಲ್ಲಿ ಕೂತ ಅಕ್ಷರಗಳ ಪಾಡು ನೋಡಿದರೆ, ಇಂಗ್ಲಿಷಿಗೆಂದು ಮಾಡಿಟ್ಟ ಅಳತೆಗೆ ಕನ್ನಡವನ್ನು ತುರುಕಿದ ಹಾಗಿದೆ.

‘ಲಕ್ಷ್ಮೀ’ ಎಂಬ ಹೆಸರನ್ನೇ ನೋಡಿ. ಕಕಾರಕ್ಕೆ ಷ ಒತ್ತು, ಅದರ ಜೊತೆಗೆ ಮ ಒತ್ತು, ತಲೆಯ ಮೇಲೆ ಗುಡಿಸು, ಬದಿಗೆ ದೀರ್ಘ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮವಕ್ಕೆ ಕೆಳಗೂ ಜಾಗ ಬೇಕು. ಫಲಕದ ಎತ್ತರ ಸಾಲದಿದ್ದಾಗ ಕಂಪ್ಯೂಟರಿನಲ್ಲಿ ಅಕ್ಷರವನ್ನು ಅಡ್ಡಡ್ಡ ಎಳೆದುಬಿಡುತ್ತಾರೆ. ನಿಂತ ಗೆರೆ ಊದಿಕೊಳ್ಳುತ್ತದೆ, ತಲೆಕಟ್ಟು ಸೊರಗುತ್ತದೆ, ದುಂಡನೆಯ ‘ಲ’ ಚಪ್ಪಟೆಯಾಗುತ್ತದೆ. ಒತ್ತುಗಳು ಕೆಳಗಿನ ಫೋನ್ ನಂಬರಿನ ಮೇಲೆ ಕಾಲೂರುತ್ತವೆ. ಎಲ್‌ಇಡಿ ಬೇರೆ ಹಾಕಿಸಿದ್ದರೆ ಹೊಟ್ಟೆ ಸೀಳಿದ ‘ಷ’ದ ಸೀಳೇ ಬೆಳಕಿನಲ್ಲಿ ಕರಗಿ, ‘ವಿಶೇಷ’ ರಿಯಾಯಿತಿ ರಾತ್ರಿ ಹೊತ್ತು ‘ವಿಶೇಪ’ ಆಗುತ್ತದೆ.

ಹಿಂದಿನ ಪೇಂಟರುಗಳು ಹೆಸರನ್ನೆಲ್ಲ ಮೊದಲು ಸೀಮೆಸುಣ್ಣದಲ್ಲಿ ಗೀಚಿಕೊಂಡು, ಒತ್ತಿಗೆ ಜಾಗವಿದೆಯೇ ಎಂದು ನೋಡಿ ಬಣ್ಣ ಮುಟ್ಟುತ್ತಿದ್ದರು. ಅವರೆಲ್ಲ ಮಹಾ ಕಲಾವಿದರೆಂದಲ್ಲ. ಅಕ್ಷರಕ್ಕಿಂತ ನೆರಳೇ ದೊಡ್ಡದಾದ ಫಲಕಗಳೂ ಬೇಕಾದಷ್ಟಿದ್ದವು. ಆದರೆ ಬರೆದದ್ದನ್ನು ಎಳೆದು ಹಿಗ್ಗಿಸುವ ಅನುಕೂಲ ಅವರಿಗಿರಲಿಲ್ಲ. ಜಾಗದ ಲೆಕ್ಕ ಮೊದಲೇ ಹಾಕಲೇಬೇಕಿತ್ತು.

ಜಾಗದ ಈ ಹೆಚ್ಚುಕಡಿಮೆ ಕಣ್ಣಿಗೆ ಬೀಳಬೇಕಾದರೆ ಸ್ವಲ್ಪ ಹೊತ್ತು ಓದುವುದನ್ನೇ ಬಿಡಬೇಕು. ಫಲಕದ ಫೋಟೋ ತೆಗೆದು ತಲೆಕೆಳಗಾಗಿಸಿ ನೋಡಿ (ಮೊಬೈಲು ತಾನೇ ಅದನ್ನು ನೆಟ್ಟಗೆ ಮಾಡದಂತೆ ಎಚ್ಚರವಿರಲಿ). ಹೆಸರು ಮರೆಯಾಗಿ ಆಕಾರ, ನಡುವಿನ ಬಯಲು ಮಾತ್ರ ಉಳಿಯುತ್ತವೆ. ಎಲ್ಲಿ ಕಿಕ್ಕಿರಿದಿದೆ, ಎಲ್ಲಿ ಬಿಕೋ ಎನ್ನುತ್ತಿದೆ ಎಂಬುದು ಆಗ ತಿಳಿಯುತ್ತದೆ. ಅದೇ ಹೆಸರಿನ ಇನ್ನೊಂದು ಫಲಕದ ಫೋಟೋವನ್ನು ಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ಚೆನ್ನ. ಚೆಂದದವನ್ನಷ್ಟೇ ನೋಡುತ್ತಿದ್ದರೆ ಈ ವಿದ್ಯೆ ಹತ್ತುವುದಿಲ್ಲ.

ಮುಂಬೈಯ ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ ಫಾಂಟನ್ನೂ ಹೀಗೆ ಆಕಾರವಾಗಿ ನೋಡಬೇಕು. ಮೈ ದಪ್ಪಗಿದ್ದರೂ ಅಕ್ಷರದ ಒಳಗಿನ ಬಯಲು ಮುಚ್ಚಿಹೋಗಿಲ್ಲ. ಮೂಲೆಗಳ ದುಂಡು ಕನ್ನಡಕ್ಕೆ ಹೊರಗಿನದೆನಿಸುವುದಿಲ್ಲ. ಪುಕ್ಕಟೆಯಾಗಿಯೂ ಸಿಗುತ್ತದೆ. ಐಸ್‌ಕ್ರೀಂ ಅಂಗಡಿಗೆ, ಮಕ್ಕಳ ಪುಸ್ತಕದ ಹೊದಿಕೆಗೆ ಹೇಳಿ ಮಾಡಿಸಿದ್ದು. ಅದನ್ನೇ ಶ್ರದ್ಧಾಂಜಲಿ ಫ್ಲೆಕ್ಸಿಗೂ ಹಾಕಿದರೆ, ತೀರಿಕೊಂಡವರ ಹೆಸರೇ ಗುಂಡಗುಂಡಗೆ ನಗುತ್ತಿರುತ್ತದೆ. ಫಾಂಟಿನ ತಪ್ಪಲ್ಲ ಅದು, ಆರಿಸಿದವರದು.