ಒಂದು ಹೂಮರ, ಎರಡು ಜೋಡಿ ಅಕ್ಕತಂಗಿಯರು

ಮುನಿಸಿಕೊಂಡು ಬೇರಾದ ಅಕ್ಕತಂಗಿಯರು, ಅವರಲ್ಲೊಬ್ಬಳು ಕಾಣೆಯಾಗುವುದು, ಉಳಿದವಳು ಅವಳ ಜಾಡು ಹಿಡಿದು ಹೊರಡುವುದು: ಹದಿಹರೆಯದವರಿಗೆಂದು ಬರೆದ ರಹಸ್ಯ ಕಾದಂಬರಿಗಳಲ್ಲಿ ಈಗ ಬಹುವಾಗಿ ಚಲಾವಣೆಯಲ್ಲಿರುವ ಈ ಹಂದರವನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಕಾಣೆಯಾದವಳು ಎಲ್ಲಿಗೆ ಹೋದಳು, ಯಾರ ಕೈವಾಡ ಎಂಬ ಪ್ರಶ್ನೆಯನ್ನು ಪುಸ್ತಕದುದ್ದಕ್ಕೂ ಎಳೆದು ತಂದು ಕಟ್ಟಕಡೆಯ ಅಧ್ಯಾಯದಲ್ಲಿ ಗಂಟು ಬಿಚ್ಚುವ ಈ ಕಾದಂಬರಿಗಳು, ಒಂದೇ ಒಲೆಯ ಅನ್ನವುಂಡು ಬೆಳೆದ ಒಬ್ಬಳು ಇನ್ನೊಬ್ಬಳ ಮುಖವನ್ನು ಎಂದಾದರೂ ಸರಿಯಾಗಿ ನೋಡಿದ್ದುಂಟೆ, ರೂಪಗೆಟ್ಟು ಎದುರಿಗೆ ಬಂದರೆ ಗುರುತು ಹಿಡಿಯಬಲ್ಲಳೆ ಎಂಬ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲವೆಂಬುದೇ ನನ್ನ ದೂರು. ಆ ಪ್ರಶ್ನೆಯನ್ನೇ ನಡುಗಂಬವಾಗಿ ನಿಲ್ಲಿಸಿಕೊಂಡ ಕಥೆಯೊಂದು ಕನ್ನಡದಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ನಡೆದು ಬಂದಿದೆ.

ರಹಸ್ಯಕಥೆಯೆಂಬುದು ನಮ್ಮ ನೆಲದ ಬೆಳೆಯಲ್ಲ, ಇಂಗ್ಲಿಷಿನಿಂದಲೂ ವಂಗಭಾಷೆಯಿಂದಲೂ ಕಸಿಮಾಡಿ ತಂದ ಸಸಿ ಎಂದು ಸಾಧಿಸುವ ವಿಮರ್ಶಕರ ಗುಂಪಿನೊಡನೆ ನನ್ನ ವಾದ ಹಳೆಯದು. ಪತ್ತೇದಾರನೆಂಬ ಪಾತ್ರ ಹೊರಗಿನಿಂದ ಬಂದಿತೆಂಬುದನ್ನು ನಾನೂ ಒಪ್ಪುತ್ತೇನೆ. ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ಐನೂರಕ್ಕೂ ಮಿಕ್ಕ ಕಾದಂಬರಿಗಳಿಂದ, ಪುಸ್ತಕವನ್ನೇ ಮುಟ್ಟದಿದ್ದ ಜನರ ಕೈಗೆ ಪುಸ್ತಕವನ್ನಿತ್ತರೆಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ರಹಸ್ಯದ ರಸಕ್ಕೆ ಪತ್ತೇದಾರನು ಅನಿವಾರ್ಯನೆ? ನಮ್ಮ ತರೀಕೆರೆ ಸೀಮೆಗೆ ದೂರವೇನಲ್ಲದ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನು ‘ಜೈಮಿನಿ ಭಾರತ’ದಲ್ಲಿ, ತನ್ನ ಮರಣಾಜ್ಞೆಯ ಓಲೆಯನ್ನು ತಾನೇ ಹೊತ್ತು ತಂದು ಉದ್ಯಾನದಲ್ಲಿ ನಿದ್ದೆಹೋದ ಚಂದ್ರಹಾಸನನ್ನೂ, ಆ ಓಲೆಯ ಅಕ್ಷರವನ್ನು ತಿದ್ದಿ ಮರಣವನ್ನು ವಿವಾಹವಾಗಿ ಮಾರ್ಪಡಿಸಿದ ವಿಷಯೆಯನ್ನೂ ನಿಲ್ಲಿಸಿದನಲ್ಲ, ಆ ಪ್ರಸಂಗದಲ್ಲಿ ಉಸಿರು ಬಿಗಿಹಿಡಿಯದ ಕೇಳುಗರುಂಟೆ?

ಈಗ ಹೂಮರದ ಕಥೆ. ಮೈಸೂರಿನಲ್ಲಿ 1929ರಲ್ಲಿ ಜನಿಸಿ ಶಿಕಾಗೋದಲ್ಲಿ 1993ರಲ್ಲಿ ತೀರಿಕೊಂಡ ಎ.ಕೆ. ರಾಮಾನುಜನ್ನರು ಇದನ್ನು ಕನ್ನಡನಾಡಿನಲ್ಲಿ ಸಂಗ್ರಹಿಸಿದರು. ಅವರ ಮರಣಾನಂತರ, 1997ರಲ್ಲಿ ಹೊರಬಂದ ಕಥಾಸಂಪುಟಕ್ಕೆ ಇದರ ಹೆಸರೇ ಶೀರ್ಷಿಕೆಯಾಯಿತು. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಯೂ, ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಗೀತನಾಟಕವಾಗಿಯೂ ಇದನ್ನು ಜನರ ಮುಂದಿಟ್ಟರು. ಕಥೆ ಹಲವರಿಗೆ ಪರಿಚಿತವೆಂದು ಬಲ್ಲೆನಾದರೂ, ಅಕ್ಕತಂಗಿಯರ ಕಡೆಯಿಂದ ಅದನ್ನು ಮತ್ತೊಮ್ಮೆ ಹೇಳಬೇಕು.

ಬಡ ಮುದುಕಿಯೊಬ್ಬಳಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟವನ್ನು ನೋಡಲಾರದೆ ತಂಗಿಯು ಅಕ್ಕನಿಗೆ ತನ್ನ ಗುಟ್ಟನ್ನು ಬಿಚ್ಚುತ್ತಾಳೆ. ಎರಡು ಬಿಂದಿಗೆ ನೀರು ತರಬೇಕು, ಉಗುರು ತಾಕಿರಬಾರದು. ಮೊದಲ ಬಿಂದಿಗೆಯನ್ನು ಸುರಿದರೆ ಅವಳು ಹೂಬಿಟ್ಟ ಮರವಾಗುವಳು. ಎಲೆ ಕೀಳದೆ, ಚಿಗುರು ಚಿವುಟದೆ, ಬೇಕಾದಷ್ಟೇ ಹೂವನ್ನು ಬಿಡಿಸಿಕೊಂಡು ಎರಡನೆಯ ಬಿಂದಿಗೆಯನ್ನು ಸುರಿದರೆ ಮರಳಿ ಹುಡುಗಿಯಾಗುವಳು. ಮೈಯನ್ನೇ ಇನ್ನೊಬ್ಬಳ ಕೈಗೆ ಒಪ್ಪಿಸುವ ಈ ವಿಶ್ವಾಸವು ಅಕ್ಕನಲ್ಲಿ ಎಂದೂ ಹುಸಿಯಾಗಲಿಲ್ಲ. ಹೂಮಾಲೆ ಅರಮನೆಗೆ ಹೋಗಿ, ರಾಜಕುಮಾರನು ಗುಟ್ಟನ್ನು ಮರೆಯಿಂದ ಕಂಡು, ಅವಳನ್ನು ವರಿಸುತ್ತಾನೆ. ಅವನಿಗೂ ಇಬ್ಬರು ಸೋದರಿಯರು: ಅಕ್ಕ ಬೇರೊಂದು ಪಟ್ಟಣದ ರಾಣಿ, ತಂಗಿ ಇನ್ನೂ ಮನೆಯಲ್ಲಿರುವವಳು. ಈ ಕಿರಿಯ ನಾದಿನಿಯು ಅತ್ತಿಗೆಯ ಗುಟ್ಟನ್ನು ಕದ್ದು ನೋಡಿ, ಗೆಳತಿಯರೊಡನೆ ಅವಳನ್ನು ಸುರಹೊನ್ನೆಯ ತೋಪಿಗೆ ಕರೆದೊಯ್ದು, ಬಲವಂತದಿಂದ ಮರವಾಗಿಸುತ್ತಾಳೆ. ಆ ಹುಡುಗಿಯರು ನೀರನ್ನು ಹೇಗೆಂದರೆ ಹಾಗೆ ಎರಚಿ, ಹೂವಿನೊಡನೆ ಎಲೆಯನ್ನೂ ಕೊಂಬೆಯನ್ನೂ ಮುರಿದೆಳೆದು, ಮಳೆ ಗುಡುಗು ಬರಲು, ಉಳಿದ ನೀರನ್ನು ಅರೆಬರೆಯಾಗಿ ಚೆಲ್ಲಿ ಓಡಿಬಿಡುತ್ತಾರೆ. ಕೈಕಾಲಿಲ್ಲದ, ಅರ್ಧ ದೇಹದ ಗಾಯದ ಮುದ್ದೆಯೊಂದು ಮಳೆನೀರಿನಲ್ಲಿ ತೇಲಿ ಚರಂಡಿಯನ್ನು ಸೇರುತ್ತದೆ.

ಮರುದಿನ ಹತ್ತಿಯ ಬಂಡಿಗಳು ಆ ದಾರಿಯಾಗಿ ಬರುತ್ತವೆ. ನರಳುವ ದನಿಯನ್ನು ಕೇಳಿದ ಬಂಡಿಯವನೊಬ್ಬನು ತನ್ನ ವಸ್ತ್ರವನ್ನು ಅವಳಿಗೆ ಹೊದಿಸಿ, ಬಂಡಿಯಲ್ಲಿಟ್ಟುಕೊಂಡು, ಮುಂದಿನ ಪಟ್ಟಣದ ಹಾಳುಮಂಟಪದಲ್ಲಿ ಇಳಿಸಿ ಹೋಗುತ್ತಾನೆ. ಅದು ಹಿರಿಯ ನಾದಿನಿಯ ಪಟ್ಟಣ. ನೀರಿಗೆ ಬಂದ ದಾಸಿಯರು, ಈ ಮುಖ ನಿಮ್ಮ ತಮ್ಮನ ಹೆಂಡತಿಯ ಮುಖದಂತಿದೆಯೆಂದು ರಾಣಿಗೆ ಮತ್ತೆ ಮತ್ತೆ ಹೇಳುತ್ತಾರೆ. ರಾಣಿ ಅವಳನ್ನು ಅರಮನೆಗೆ ತರಿಸಿ, ಎಣ್ಣೆಯೊತ್ತಿಸಿ, ನೀರೆರೆಸಿ, ಗಾಯಗಳಿಗೆ ಮದ್ದು ಹಾಕಿಸುತ್ತಾಳೆ. ಹೆಂಡತಿಯನ್ನು ಕಳೆದುಕೊಂಡು ಬೈರಾಗಿಯಾಗಿ ಅಲೆಯುತ್ತಿದ್ದ ತಮ್ಮನೂ ಅಲ್ಲಿಗೇ ಬರುತ್ತಾನೆ; ಗಡ್ಡ ಬೆಳೆದ ಅವನನ್ನೂ ಅವಳೇ ಗುರುತಿಸುತ್ತಾಳೆ. ಮಾತೇ ನಿಂತುಹೋದ ತಮ್ಮನ ಬಳಿಗೆ ಅವಳು ಆ ಗಾಯದ ಮುದ್ದೆಯನ್ನು ಕಳುಹಿಸಿದ ರಾತ್ರಿ ಗಂಡಹೆಂಡಿರು ಒಬ್ಬರನ್ನೊಬ್ಬರು ಕಂಡುಕೊಳ್ಳುತ್ತಾರೆ. ಎರಡು ಬಿಂದಿಗೆ ನೀರು ಮತ್ತೆ ಬರುತ್ತದೆ. ಮುರಿದ ಕೊಂಬೆಗಳನ್ನು ಒಂದೊಂದಾಗಿ ನೆಟ್ಟಗೆ ಕೂಡಿಸಿ ನೀರೆರೆದಾಗ ಹುಡುಗಿ ಪೂರ್ಣಾಂಗಿಯಾಗಿ ಏಳುತ್ತಾಳೆ.

ಈ ಕಥೆಯಲ್ಲಿ ಅಪರಾಧಿ ಯಾರೆಂಬುದು ಕೇಳುವ ಮಗುವಿಗೂ ಆರಂಭದಿಂದಲೇ ಗೊತ್ತು. ಅಪರಾಧವನ್ನು ಮೊದಲೇ ತೋರಿಸಿ, ಅದು ಹೊರಬೀಳುವ ಬಗೆಯಲ್ಲಿ ಕುತೂಹಲವನ್ನು ನಿಲ್ಲಿಸುವ ತಂತ್ರವನ್ನು ಬಳಸಿ ಆಸ್ಟಿನ್ ಫ್ರೀಮನ್ ಎಂಬ ಇಂಗ್ಲಿಷ್ ಲೇಖಕನು 1912ರಲ್ಲಿ ಪ್ರಕಟಿಸಿದ ಕಥೆಗಳಿಗಾಗಿ ಪಾಶ್ಚಾತ್ಯ ವಿಮರ್ಶಕರು ಇಂದಿಗೂ ಅವನನ್ನು ಕೊಂಡಾಡುತ್ತಾರೆ. ಅದೇ ತಂತ್ರದಿಂದ ಕಥೆ ಹೇಳಿದ ನಮ್ಮ ಅಜ್ಜಿಯರನ್ನು ಕೊಂಡಾಡಲು ಯಾವ ವಿಮರ್ಶಕನೂ ಬರಲಿಲ್ಲ. ಅಡಗಿಸಿಟ್ಟದ್ದು ಪಾತ್ರಗಳಿಂದಲೇ ಹೊರತು ಕೇಳುಗರಿಂದಲ್ಲವಾದುದರಿಂದ, ಕಥೆಯನ್ನು ಹತ್ತನೆಯ ಸಲ ಕೇಳುವಾಗಲೂ ದಾಸಿಯರು ಮಂಟಪದತ್ತ ತಿರುಗುವ ಗಳಿಗೆಯಲ್ಲಿ ಎದೆ ಬಡಿದುಕೊಳ್ಳುತ್ತದೆ. ಕೊನೆಯ ಪುಟದ ಬೆರಗನ್ನೇ ನೆಚ್ಚಿದ ಪುಸ್ತಕವನ್ನು ಎರಡನೆಯ ಬಾರಿ ಓದುವವರು ಯಾರು?

ಕಥೆಯ ಭೂಗೋಳವಂತೂ ನಮ್ಮ ಸೀಮೆಯವರಿಗೆ ಅತ್ಯಂತ ಹತ್ತಿರದ್ದು. ಸುರಹೊನ್ನೆ ಘಟ್ಟದ ಮರ. ಮೊಗ್ಗಾಗಿರುವಾಗಲೇ ಬಿಡಿಸಿ ಪೋಣಿಸುವ, ಒಣಗಿದ ಮೇಲೂ ಕಂಪು ಕಳೆದುಕೊಳ್ಳದ ಹೂವು ಅದರದು. ಹತ್ತಿಯೋ ಬಯಲಿನ ಎರೆನೆಲದ ಬೆಳೆ. ಲಕ್ಕವಳ್ಳಿಯ ಕಾಡಂಚಿನಿಂದ ಹೊರಟು ತರೀಕೆರೆಯನ್ನು ದಾಟಿ ಅಜ್ಜಂಪುರದ ಕಪ್ಪು ಮಣ್ಣನ್ನು ಸೇರುವುದರೊಳಗೆ ಈ ಎರಡು ನೆಲಗಳನ್ನೂ ತುಳಿದಾಗುತ್ತದೆ. ಕಥೆ ಹುಟ್ಟಿದ್ದು ಇಲ್ಲಿಯೇ ಎಂದು ನಾನು ಸಾಧಿಸಲಾರೆ. ಮಲೆನಾಡಿನ ತೋಪಿನಲ್ಲಿ ಮುರಿದುಬಿದ್ದವಳನ್ನು ಬಯಲುಸೀಮೆಯ ಬಂಡಿ ಎತ್ತಿಕೊಂಡು ಹೋಗುವುದು ಇಲ್ಲಿ ಕುಳಿತು ಕೇಳುವವನಿಗೆ ಕಲ್ಪನೆಯೆನಿಸುವುದಿಲ್ಲವೆಂದಷ್ಟೇ ನನ್ನ ಮಾತು.

ನಮ್ಮ ಕಡೆಯ ತರುಣ ಲೇಖಕರಿಗೆ ಅಗಲಿದ ಅಕ್ಕತಂಗಿಯರ ವಸ್ತುವನ್ನು ಕೊಟ್ಟರೆ ಅವರು ಒಡನೆಯೇ ತುಂಗೆಯನ್ನೂ ಭದ್ರೆಯನ್ನೂ ಕರೆತರುತ್ತಾರೆ: ವರಾಹಪರ್ವತದ ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ, ಒಬ್ಬಳು ಶೃಂಗೇರಿ ತೀರ್ಥಹಳ್ಳಿಗಳ ಕಡೆಗೂ ಇನ್ನೊಬ್ಬಳು ಕಳಸ ಬಾಳೆಹೊನ್ನೂರುಗಳ ಕಡೆಗೂ ಹರಿದು, ಕೂಡಲಿಯಲ್ಲಿ ಒಂದಾಗುವ ನದಿಗಳು. ಉಪಮೆ ಸುಂದರವಾದರೂ ನನಗೆ ಒಪ್ಪಿಗೆಯಿಲ್ಲ. ಭದ್ರೆಯನ್ನು ಇದೇ ಲಕ್ಕವಳ್ಳಿಯಲ್ಲಿ 186 ಅಡಿಯ ಮಟ್ಟದವರೆಗೆ ಕಟ್ಟಿನಿಲ್ಲಿಸಿದರೂ, ಬಿಟ್ಟ ನೀರು ಇಳಿಜಾರನ್ನು ಹಿಡಿದು ಕೂಡಲಿಯನ್ನು ಸೇರಿಯೇ ತೀರುತ್ತದೆ. ಮನುಷ್ಯರ ನಡುವೆ ಅಂಥ ಇಳಿಜಾರಿಲ್ಲ; ಅಲ್ಲಿ ಒಬ್ಬರು ಎದ್ದು ಹಾಳುಮಂಟಪದವರೆಗೆ ಹೋಗಬೇಕಾಗುತ್ತದೆ.

ಹೂಮರದ ಕಥೆಯಲ್ಲಿಯೂ ಒಂದು ಜೋಡಿ ಸೇರಲೇ ಇಲ್ಲವೆಂಬುದನ್ನು ನಾನು ತಡವಾಗಿ ಗಮನಿಸಿದೆ. ಒಂದೇ ಅರಮನೆಯಲ್ಲಿ ಹುಟ್ಟಿದ ಇಬ್ಬರಲ್ಲಿ ತಂಗಿ ಮುರಿದುದನ್ನು ಅಕ್ಕ ಕೂಡಿಸಿದಳು. ಆದರೆ ಅವರಿಬ್ಬರೂ ಕಥೆಯಲ್ಲೆಲ್ಲಿಯೂ ಮುಖಾಮುಖಿಯಾಗುವುದಿಲ್ಲ. ರಾಮಾನುಜನ್ನರು ಕೊಟ್ಟ ಪಾಠದಲ್ಲಿ ತಂದೆಯು ಸುಣ್ಣದ ಗುಂಡಿಯನ್ನು ತೋಡಿಸಿ ಕಿರಿಯ ಮಗಳನ್ನು ಅದರಲ್ಲಿ ನೂಕಿಸುತ್ತಾನೆ. ಆ ಸುದ್ದಿ ಹಿರಿಯಳನ್ನು ಮುಟ್ಟಿದಾಗ ಅವಳಿಗೇನಾಯಿತು, ತನ್ನ ಆರೈಕೆಯೇ ತಂಗಿಯ ಮರಣಕ್ಕೆ ಸಾಕ್ಷ್ಯವಾಯಿತೆಂದು ಅವಳು ತಿಳಿದಳೆ, ತಂಗಿಯೊಳಗೆ ಆ ಕ್ರೌರ್ಯ ಬೆಳೆಯುತ್ತಿದ್ದ ವರ್ಷಗಳಲ್ಲಿ ತಾನು ಮದುವೆಯಾಗಿ ದೂರ ಹೋಗಿದ್ದುದನ್ನು ನೆನೆದಳೆ, ಕಥೆ ಹೇಳುವುದಿಲ್ಲ. ಹದಿನೈದು ಹದಿನಾರರ ಓದುಗರಿಗೆ ಬೇಕಾದ ಕನ್ನಡ ಕಾದಂಬರಿ ಆ ಮೌನದಲ್ಲಿದೆ. ಅದನ್ನು ಆ ಅಕ್ಕನ ಬಾಯಿಂದಲೇ ಹೇಳಿಸಬೇಕು, ದಾಸಿಯರು ಮೊದಲ ಸಲ ಬಂದು ಮಂಟಪದ ಸುದ್ದಿ ಹೇಳಿದ ದಿನ ಅವಳು ಏಕೆ ತಡಮಾಡಿದಳೆಂಬಲ್ಲಿಂದ ತೊಡಗಿ.